ಕಾರಿನ ಬಣ್ಣಕ್ಕೆ ಹತ್ತಿ ಒಣಗಿದ ಮರದ ಅಂಟನ್ನು ತೆಗೆಯುವ ಕ್ರಮ

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವುದು ಸಾಮಾನ್ಯವಾದ್ದರಿಂದ, ಕಾರು ನಿಲ್ಲಿಸಲು ಎಲ್ಲರೂ ಬೇವಿನ ಮರದ ನೆರಳನ್ನೇ ಹುಡುಕುತ್ತೇವೆ. ಬಾನೆಟ್ಟಿನ ಮೇಲೆ ಬಿದ್ದ ಅಂಟಿನ ಹನಿ ಒಂದೆರಡು ದಿನ ಬಿಸಿಲು ಕಂಡರೆ ಗಾಜಿನ ಮಣಿಯಂತೆ ಗಟ್ಟಿಯಾಗಿಬಿಡುತ್ತದೆ. ಅದನ್ನು ಉಗುರಿನಿಂದ ಕೆರೆಯುವುದಾಗಲಿ, ಥಿನ್ನರ್ (ಪೇಂಟ್ ತೆಳುವಾಗಿಸುವ ದ್ರವ) ಹಚ್ಚಿ ಉಜ್ಜುವುದಾಗಲಿ ಬೇಡ. ಅಂಟು ಹೋಗಬಹುದು, ಅದರೊಡನೆ ಹೊಳಪೂ ಹೋಗುತ್ತದೆ. ಕೈ ಹಚ್ಚುವ ಮೊದಲು ಅದು ಯಾವ ಮರದ ಅಂಟು ಎಂಬುದನ್ನು ನೋಡಬೇಕು, ಏಕೆಂದರೆ ಎಲ್ಲ ಅಂಟುಗಳೂ ಒಂದೇ ಪದಾರ್ಥಕ್ಕೆ ಕರಗುವುದಿಲ್ಲ.

ಬೇವು, ಕರಿಜಾಲಿ, ಬಳ್ಳಾರಿ ಜಾಲಿ ಇವುಗಳ ಅಂಟು ನಿಜವಾದ ಗೋಂದು, ಅಂದರೆ ನೀರಿನಲ್ಲಿ ನೆನೆದು ಕರಗುವಂಥದ್ದು. ಬಾಣಂತಿಯರಿಗೆ ಕಟ್ಟುವ ಅಂಟಿನುಂಡೆಗೆ ಬಳಸುವುದೂ ಇಂಥ ಮರದ ಗೋಂದನ್ನೇ. ಮಾವಿನ ಜಿಗಿಹುಳು ಉದುರಿಸುವ ಸಿಹಿ ಜಿಡ್ಡು ಕೂಡ ಸಕ್ಕರೆಯ ಅಂಶವಾದ್ದರಿಂದ ನೀರಿಗೆ ಬಿಡುತ್ತದೆ. ಆದರೆ ಆಲ, ಅರಳಿ, ಅತ್ತಿ ಮರಗಳ ಹಾಲು ಒಣಗಿದಾಗ ರಬ್ಬರಿನ ಗುಣ ಪಡೆಯುತ್ತದೆ. ಮಾವಿನ ಕಾಯಿಯ ತೊಟ್ಟಿನಿಂದ ಸೋರುವ ಸೊನೆಯಲ್ಲಿ ಎಣ್ಣೆಯಂಶವಿದೆ. ಇವೆರಡಕ್ಕೂ ಬರಿಯ ನೀರು ಸಾಲದು. ನಮ್ಮ ಊರುಗಳ ರಸ್ತೆ ಬದಿಯಲ್ಲಿ ಬೇವು, ಜಾಲಿಗಳೇ ಹೆಚ್ಚಾಗಿರುವುದರಿಂದ, ಅಂಗಡಿಯ ದುಬಾರಿ ಔಷಧ ತರುವ ಮೊದಲು ಬಿಸಿನೀರನ್ನು ಪ್ರಯತ್ನಿಸುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಬೆಳಗಿನ ತಂಪು ಹೊತ್ತಿನಲ್ಲಿ, ನೆರಳಿನಲ್ಲಿ, ಬಾನೆಟ್ ತಣ್ಣಗಿರುವಾಗ ಕೆಲಸ ಆರಂಭಿಸಬೇಕು. ಮೊದಲು ಇಡೀ ಭಾಗವನ್ನು ಧಾರಾಳವಾಗಿ ನೀರು ಹಾಕಿ, ಕಾರಿನ ಶಾಂಪೂವಿನಿಂದ ತೊಳೆಯಬೇಕು. ಸಂಡೂರು, ತೋರಣಗಲ್ಲು ಕಡೆಯ ಕೆಂಪು ಅದಿರಿನ ಧೂಳು, ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಸುತ್ತಲಿನ ಹಾರುಬೂದಿ ಇವೆರಡೂ ಬಣ್ಣದ ಮೇಲಿನ ಪಾರದರ್ಶಕ ಪದರಕ್ಕಿಂತ ಗಟ್ಟಿ. ಆ ಪದರದ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಮಾತ್ರ. ಧೂಳಿನ ಮೇಲೆ ಒಣ ಬಟ್ಟೆ ಎಳೆದರೆ ಗೀರು ಬೀಳುವುದು ಖಂಡಿತ.

ತೊಳೆದ ಮೇಲೆ, ಕೈ ತಾಳುವಷ್ಟು ಬಿಸಿಯಾದ ನೀರಿನಲ್ಲಿ ಮೈಕ್ರೋಫೈಬರ್ ಬಟ್ಟೆಯನ್ನು ಅದ್ದಿ, ಹಿಂಡದೆ, ಅಂಟಿನ ಮೇಲೆ ಮಡಿಸಿ ಇಡಬೇಕು. ಐದು ನಿಮಿಷಕ್ಕೆ ಬಟ್ಟೆ ತಣ್ಣಗಾಗುತ್ತದೆ. ಆಗ ಮತ್ತೆ ಬಿಸಿನೀರಿನಲ್ಲಿ ಅದ್ದಿ ಇಡಬೇಕು. ಮೊದಲು ಹನಿಯ ಅಂಚು ಬೆಳ್ಳಗಾಗುತ್ತದೆ, ನಂತರ ಉಬ್ಬಿ ಮೆತ್ತಗಾಗಿ, ಬೆರಳಿನ ತುದಿಯಿಂದ ಮುಟ್ಟಿದರೆ ಜಾರುವ ಹದಕ್ಕೆ ಬರುತ್ತದೆ. ಆ ಹದ ಬರುವವರೆಗೆ ಉಜ್ಜಬಾರದು. ಬಂದ ಮೇಲೆ ಬಟ್ಟೆಯ ಶುಭ್ರವಾದ ಮಗ್ಗುಲಿನಿಂದ ಒಂದೇ ದಿಕ್ಕಿನಲ್ಲಿ, ಒತ್ತಡವಿಲ್ಲದೆ ಎತ್ತಿ ತೆಗೆಯಬೇಕು. ಹಳೆಯ, ದಪ್ಪ ಹನಿಗೆ ಅರ್ಧ ಗಂಟೆ ಹಿಡಿದರೂ ಅವಸರಪಡದಿರುವುದೇ ಈ ಕೆಲಸದ ಜೀವಾಳ.

ನೀರಿಗೆ ಬಿಡದೆ ಉಳಿದ ಕಲೆಗೆ ಔಷಧದ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲನ್ನು ಬಳಸಬಹುದು. ಮೊದಲು ಬಾಗಿಲಿನ ಒಳ ಅಂಚಿನಂಥ ಕಾಣದ ಜಾಗದಲ್ಲಿ ಹಚ್ಚಿ ನೋಡಿ, ಬಟ್ಟೆಗೆ ಬಣ್ಣ ಹತ್ತದಿದ್ದರೆ ಮಾತ್ರ ಮುಂದುವರಿಯಬೇಕು. ಬಟ್ಟೆಯ ತುದಿಯನ್ನು ಅದರಲ್ಲಿ ಒದ್ದೆ ಮಾಡಿ, ಅರ್ಧ ನಿಮಿಷ ಕಲೆಯ ಮೇಲೆ ಒತ್ತಿ ಹಿಡಿದು, ಒರೆಸಿ, ತಕ್ಷಣ ನೀರಿನಿಂದ ತೊಳೆಯಬೇಕು. ಇದು ಬೇಗ ಹೊತ್ತಿಕೊಳ್ಳುವ ದ್ರವವಾದ್ದರಿಂದ ಹತ್ತಿರದಲ್ಲಿ ಬೀಡಿ, ಬೆಂಕಿ ಇರಕೂಡದು. ಆಲ, ಅರಳಿಯ ಹಾಲಿಗೆ ಹಾಗೂ ಮಾವಿನ ಸೊನೆಗೆ ಕಾರಿನ ಬಿಡಿಭಾಗಗಳ ಅಂಗಡಿಯ ಟಾರ್ ರಿಮೂವರ್ (ಡಾಂಬರಿನ ಕಲೆ ತೆಗೆಯುವ ದ್ರವ) ಹೆಚ್ಚು ಸೂಕ್ತ. ಹೊಸದಾಗಿ ಪೇಂಟ್ ಮಾಡಿಸಿದ ಭಾಗಕ್ಕೆ, ಪೂರ್ತಿ ಗಟ್ಟಿಯಾಗುವವರೆಗೆ, ಇವೆರಡೂ ಬೇಡ.

ಉಗುರುಬಣ್ಣ ತೆಗೆಯುವ ದ್ರವ, ಥಿನ್ನರ್, ಪಾತ್ರೆ ತಿಕ್ಕುವ ನಾರು ಇವು ಬಣ್ಣದ ಹತ್ತಿರವೂ ಸುಳಿಯಬಾರದು. ಬ್ಲೇಡನ್ನು ಒದ್ದೆ ಮಾಡಿದ ಮುಂಗಾಜಿನ ಮೇಲೆ ಮಾತ್ರ ಓರೆಯಾಗಿ ಹಿಡಿದು ಬಳಸಬಹುದು. ಹೆಡ್‌ಲೈಟಿನ ಹೊದಿಕೆ ಪ್ಲಾಸ್ಟಿಕ್ಕಿನದಾದ್ದರಿಂದ ಅಲ್ಲಿ ಬಿಸಿನೀರು, ಶಾಂಪೂ ಸಾಕು.

ಅಂಟು ಹೋದ ಮೇಲೆ ಮತ್ತೊಮ್ಮೆ ಶಾಂಪೂವಿನಿಂದ ತೊಳೆದು, ಕೂಡಲೇ ಒರೆಸಿ ಒಣಗಿಸಬೇಕು. ನಮ್ಮ ಬೋರ್‌ವೆಲ್ಲಿನ ಗಡಸು ನೀರು ತಾನಾಗಿ ಆರಿದರೆ ಬಿಳಿ ಕಲೆ ಉಳಿಯುತ್ತದೆ. ಆಲ್ಕೋಹಾಲು ಹಳೆಯ ವ್ಯಾಕ್ಸನ್ನೂ ಕಿತ್ತಿರುವುದರಿಂದ ಆ ಜಾಗಕ್ಕೆ ಹೊಸದಾಗಿ ವ್ಯಾಕ್ಸ್ ಹಚ್ಚಬೇಕು. ಇಷ್ಟರ ಮೇಲೂ ಉಂಗುರದಂಥ ಗುರುತು ಕಂಡರೆ ಅದು ಉಳಿದ ಅಂಟಲ್ಲ, ಮೇಲ್ಪದರವೇ ಸವೆದಿರುವ ಗುರುತು. ಅದಕ್ಕೆ ನಯವಾದ ಪಾಲಿಷ್ ಒಮ್ಮೆ ಹಾಕಿ ನೋಡಬಹುದು. ಉಗುರು ಅಡ್ಡ ಆಡಿಸಿದಾಗ ತಗ್ಗು ತಾಗುವಷ್ಟು ಆಳವಾಗಿದ್ದರೆ ಮನೆಯಲ್ಲಿ ಮುಂದುವರಿಸದೆ, ಅನುಭವಿ ಪೇಂಟರಿಗೆ ತೋರಿಸಬೇಕು.