ಫ್ರಮ್ ಅಂತ ಹೆಸರಿಟ್ಟರೆ ಪೈಥಾನ್ ಯಾಕೆ ಒಪ್ಪಲ್ಲ?

ಹಾಸನದಿಂದ ಬೇಲೂರು ಮೇಲೆ ಚಿಕ್ಕಮಗಳೂರಿಗೆ ಹೋಗುವ ಬಸ್ಸಿನ ಟಿಕೆಟ್ ಲೆಕ್ಕ ಹಾಕೋಣ ಅಂತ ನಾನು ಬರೆದ ಪೈಥಾನ್ ಪ್ರೋಗ್ರಾಂ ಮೊದಲ ಸಾಲಲ್ಲೇ ಕೆಟ್ಟು ನಿಂತಿತು. ಹೊರಡುವ ಊರಿಗೆ ಫ್ರಮ್, ತಲುಪುವ ಊರಿಗೆ ಟು ಅಂತ ಇಂಗ್ಲಿಷ್ ಅಕ್ಷರದಲ್ಲಿ ವೇರಿಯಬಲ್ (ಮಾಹಿತಿ ಇಡುವ ಡಬ್ಬಿ) ಹೆಸರು ಕೊಟ್ಟಿದ್ದೆ. ರನ್ ಮಾಡಿದರೆ ಸಿಂಟ್ಯಾಕ್ಸ್ ಎರರ್, ಅಂದರೆ ಬರೆದ ರೀತಿಯೇ ತಪ್ಪು ಅನ್ನುವ ದೂರು. ಕೋಟ್ ನೋಡಿದೆ, ಸ್ಪೆಲಿಂಗ್ ನೋಡಿದೆ, ಎಲ್ಲ ಸರಿಯಾಗೇ ಇತ್ತು.

ತಕರಾರು ಇದ್ದದ್ದು ಹೆಸರಲ್ಲೇ. ಸಾಲಿನ ಶುರುವಿಗೆ ಫ್ರಮ್ ಕಂಡರೆ, ಸಿದ್ಧ ಕೋಡ್ ಇಟ್ಟಿರುವ ಯಾವುದೋ ಮಾಡ್ಯೂಲ್‌ನಿಂದ ಏನೋ ಇಂಪೋರ್ಟ್ ಮಾಡುತ್ತಿದ್ದೀರಿ ಅಂತಲೇ ಪೈಥಾನ್ ಓದುತ್ತದೆ. ಹೀಗೆ ಭಾಷೆ ತನಗೇ ಇಟ್ಟುಕೊಂಡ ಪದ ರಿಸರ್ವ್ಡ್ ವರ್ಡ್, ಅಂದರೆ ಕೀವರ್ಡ್. ಬಸ್ಸಲ್ಲಾದರೆ ಟವೆಲ್ ಹಾಕಿದ ಸೀಟಿಗೂ ಜಗಳ ಆಡಬಹುದು, ಇಲ್ಲಿ ಅದೂ ನಡೆಯಲ್ಲ. ಟು ಕೀವರ್ಡ್ ಅಲ್ಲ, ಅದು ಬಚಾವ್.

ಪರಿಹಾರ ಸುಲಭ. ಫ್ರಮ್ ಆದಮೇಲೆ ಒಂದು ಅಂಡರ್‌ಸ್ಕೋರ್ ಹಾಕಿ. ಕ್ಲಾಸ್ ಕೂಡ ಕೀವರ್ಡೇ, ಅದಕ್ಕೂ ಸಾಮಾನ್ಯವಾಗಿ ಮಾಡುವುದು ಇದನ್ನೇ.

ಪಟ್ಟಿ ಬಾಯಿಪಾಠ ಮಾಡಲು ಹೋಗಬೇಡಿ. ಕೀವರ್ಡ್ ಅನ್ನುವ ಮಾಡ್ಯೂಲನ್ನೇ ಇಂಪೋರ್ಟ್ ಮಾಡಿ, ಅದರೊಳಗಿನ ಕೆಡಬ್ಲ್ಯುಲಿಸ್ಟ್ ಪ್ರಿಂಟ್ ಮಾಡಿ. ಪೈಥಾನ್ 3.12ರಲ್ಲಿ 35 ಪದ ಬರುತ್ತವೆ. ಟ್ರೂ, ಫಾಲ್ಸ್, ನನ್ ಈ ಮೂರಕ್ಕೆ ಮಾತ್ರ ಮೊದಲ ಅಕ್ಷರ ಕ್ಯಾಪಿಟಲ್.

ನಿಜವಾಗಿ ಕಾಟ ಕೊಡುವುದು ಕೀವರ್ಡ್ ಅಲ್ಲದ ಪದಗಳು. ಸಮ್ ಅನ್ನುವುದು ಪೈಥಾನ್‌ನಲ್ಲಿ ಮೊದಲೇ ಇರುವ ಫಂಕ್ಷನ್, ಆದರೆ ರಿಸರ್ವ್ಡ್ ಅಲ್ಲ, ಹಾಗಾಗಿ ಸಮ್‌ಗೆ 0 ಕೊಟ್ಟರೂ ಸುಮ್ನೆ ಒಪ್ಪಿಕೊಳ್ಳುತ್ತದೆ, ಆಮೇಲೆ ಇಪ್ಪತ್ತು ಸಾಲು ಕೆಳಗೆ ಟಿಕೆಟ್ ದುಡ್ಡು ಕೂಡಿಸಲು ಅದೇ ಸಮ್ ಕರೆದಾಗ 'ಇಂಟ್ ಆಬ್ಜೆಕ್ಟ್ ಈಸ್ ನಾಟ್ ಕಾಲಬಲ್' (ಸಂಖ್ಯೆಯನ್ನು ಫಂಕ್ಷನ್ ಥರ ಕರೆಯಲು ಆಗಲ್ಲ) ಅಂತ ಎಗರುತ್ತದೆ. ತಪ್ಪು ಮೇಲೆ, ಬೈಗುಳ ಕೆಳಗೆ! ಲಿಸ್ಟ್, ಮ್ಯಾಕ್ಸ್ ಕಥೆಯೂ ಇದೇ. ಪೈಥಾನ್ ಜೊತೆಗೇ ಬರುವ ಎಡಿಟರ್ ಐಡಲ್‌ನಲ್ಲಿ ಬರೆಯುವವರು ಬಣ್ಣ ನೋಡಿಕೊಳ್ಳಿ. ಹೆಸರು ಕಿತ್ತಳೆಗೆ ತಿರುಗಿದರೆ ಕೀವರ್ಡ್, ನೇರಳೆಗೆ ತಿರುಗಿದರೆ ಈ ಎರಡನೇ ಜಾತಿ.

ಇನ್ನೊಂದು ದಾರಿಯೂ ಇದೆ. ಪೈಥಾನ್ 3ರಲ್ಲಿ ವೇರಿಯಬಲ್‌ಗೆ ಕನ್ನಡದಲ್ಲೇ ಹೆಸರಿಡಬಹುದು. 'ಹೊರಟ_ಊರು' ಅಂತ ಬರೆದರೆ ಯಾವ ಕೀವರ್ಡೂ ಅಡ್ಡ ಬರಲ್ಲ. ಆದರೆ 'ಬಸ್‌ಸ್ಟ್ಯಾಂಡ್' ಬೇಡ. ಅಲ್ಲಿ ಸಕಾರಕ್ಕೆ ಒತ್ತು ಬೀಳದಿರಲಿ ಅಂತ ಕೀಬೋರ್ಡ್ ನಡುವೆ ಒಂದು ಕಾಣದ ಅಕ್ಷರ ತುರುಕಿರುತ್ತದೆ, ನಮಗೆ ಕಾಣದಿದ್ದರೂ ಪೈಥಾನ್‌ಗೆ ಕಾಣುತ್ತದೆ, ಮತ್ತೆ ಅದೇ ಸಿಂಟ್ಯಾಕ್ಸ್ ಎರರ್.