ಒಂದು ‘ಅಂತೆ’ ಸೇರಿಸಿ ನೋಡಿದೆ

ನಾವೊಂದಿಷ್ಟು ಜನ ಗೆಳೆಯರು ತಿಂಗಳಿಗೊಮ್ಮೆ ಸೇರಿ ಹಳೆ ಹಾಡು ಕೇಳುತ್ತೇವೆ. ಒಂದು ಸಲ ಬೀಟಲ್ಸ್ ಅನ್ನುವ ಇಂಗ್ಲೆಂಡಿನ ಹಾಡುಗಾರರ ತಂಡದ ಬಗ್ಗೆ ಮಾತಾಡುವ ಸರದಿ ನನ್ನದಾಗಿತ್ತು. 1968ರಲ್ಲಿ ಜಾನ್, ಪಾಲ್, ಜಾರ್ಜ್, ರಿಂಗೋ ಅನ್ನುವ ಆ ನಾಲ್ವರು ಋಷಿಕೇಶಕ್ಕೆ ಬಂದು ಮಹರ್ಷಿ ಮಹೇಶ್ ಯೋಗಿಯವರ ಹತ್ತಿರ ಧ್ಯಾನ ಕಲಿತರಲ್ಲ, ಆ ಕಥೆ. ಅರ್ಧ ಗಂಟೆ ತಾನೇ, ಸುಲಭ ಅಂದುಕೊಂಡಿದ್ದೆ.

ಮಾತಿನ ನಡುವೆ, ‘ಪಾಲ್ ಕೂಡ ಮಹರ್ಷಿಗಳ ಜೊತೆ ಜಗಳ ಮಾಡಿಕೊಂಡು ಹೊರಟ’ ಅಂದುಬಿಟ್ಟೆ. ಹಿಂದೆ ಕೂತಿದ್ದ ಹಿರಿಯರೊಬ್ಬರು, ‘ಅಲ್ರೀ, ಅಷ್ಟು ಹೊತ್ತಿಗೆ ಅವನು ಊರು ಸೇರಿದ್ದ ಅಲ್ವಾ?’ ಅಂದರು. ಮುಖ ಸಣ್ಣದಾಯಿತು.

ಮನೆಗೆ ಬಂದು ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದೆ. ಯಾರು ಯಾವಾಗ ಬಂದರು, ಯಾವಾಗ ಹೋದರು. ಜಾನ್, ಜಾರ್ಜ್ ಬಂದದ್ದು ಫೆಬ್ರವರಿ ನಡುವಿನಲ್ಲಿ. ಪಾಲ್, ರಿಂಗೋ ಕೆಲವು ದಿನ ಬಿಟ್ಟು ಬಂದರು. ರಿಂಗೋಗೆ ಊಟ ಹಿಡಿಸಲಿಲ್ಲ. ಪೆಟ್ಟಿಗೆ ತುಂಬ ಬೀನ್ಸ್ ಡಬ್ಬಿ ತಂದಿದ್ದವನು ಮಾರ್ಚ್ ಶುರುವಿನಲ್ಲೇ ವಾಪಸ್. ಪಾಲ್ ಹೊರಟದ್ದು ಮಾರ್ಚ್ ಕೊನೆಗೆ. ಮಹರ್ಷಿಗಳ ಮೇಲೆ ಆರೋಪ ಬಂದು ಗಲಾಟೆ ಆದದ್ದು ಏಪ್ರಿಲ್‌ನಲ್ಲಿ. 12ನೇ ತಾರೀಖು ಜಾನ್, ಜಾರ್ಜ್ ಆಶ್ರಮ ಬಿಟ್ಟರು. ಅಂದರೆ ಆ ಗಲಾಟೆ ಬಗ್ಗೆ ಪಾಲ್, ರಿಂಗೋ ಏನೇ ಹೇಳಲಿ, ಅದು ಕೇಳಿದ ಮಾತು.

ಆಮೇಲೆ ಇಂಗ್ಲಿಷಿನಲ್ಲಿ ಓದಿದ್ದನ್ನೆಲ್ಲ ಕನ್ನಡದಲ್ಲಿ ಬರೆದುಕೊಳ್ಳಲು ಕೂತೆ. ಉಪಾಯ ಅಂತ ಮಾಡಿದ್ದಲ್ಲ, ಸುಮ್ನೆ ನೆನಪಿಗೆ. ಆದರೆ ಒಂದೊಂದು ಸಾಲಿಗೂ ಕೈ ನಿಲ್ಲುತ್ತಿತ್ತು. ‘ನಡೆಯಿತು’ ಅನ್ನಲೋ, ‘ನಡೆಯಿತಂತೆ’ ಅನ್ನಲೋ? ಇಂಗ್ಲಿಷಿನಲ್ಲಿ ಓದುವಾಗ ಈ ಪ್ರಶ್ನೆ ಬಂದೇ ಇರಲಿಲ್ಲ.

ಮಹರ್ಷಿಗಳು ಒಬ್ಬ ಶಿಷ್ಯೆಯ ಜೊತೆ ಕೆಟ್ಟದಾಗಿ ನಡೆದುಕೊಂಡರು ಅನ್ನುವ ಆರೋಪವನ್ನೇ ತಗೊಳ್ಳಿ. ಜಾನ್ 1970ರ ಸಂದರ್ಶನದಲ್ಲಿ ಅದನ್ನು ಹೇಳುವಾಗ ಒಂದು ಹೆಸರು ಹಿಡಿದು, ‘ಅವಳೋ ಇನ್ಯಾರೋ’ ಅಂದಿದ್ದಾನೆ. ಯಾರ ಜೊತೆ ಅನ್ನುವುದೇ ಅವನಿಗೆ ಸರಿಯಾಗಿ ಗೊತ್ತಿಲ್ಲ! ರಾತ್ರಿಯೆಲ್ಲ ಕೂತು ನಿಜವೋ ಸುಳ್ಳೋ ಅಂತ ಚರ್ಚೆ ಮಾಡಿದರಂತೆ. ಕೊನೆಗೆ ಜಾರ್ಜ್‌ಗೂ ಅನುಮಾನ ಬಂತು, ಅವನಿಗೇ ಅನುಮಾನ ಬಂದ ಮೇಲೆ ನಿಜವೇ ಇರಬೇಕು ಅಂತ ಜಾನ್ ನಂಬಿದ. ಅದೇ ಜಾರ್ಜ್ ವರ್ಷಗಳಾದ ಮೇಲೆ, ಅಂಥದ್ದೇನೂ ನಡೆಯಲೇ ಇಲ್ಲ ಅಂದ. ಈ ಎರಡು ಸಾಲನ್ನು ಅಕ್ಕಪಕ್ಕ ಬರೆದು ತುಂಬಾ ಹೊತ್ತು ನೋಡಿದೆ.

ಯಾವಾಗ ಹೇಳಿದ್ದು ಅನ್ನುವುದಕ್ಕೂ ಒಂದು ಗೆರೆ ಎಳೆದೆ. 1968ರ ಮೇನಲ್ಲಿ, ಬಿಸಿ ಆರುವ ಮೊದಲೇ, ಜಾನ್ ನ್ಯೂಯಾರ್ಕಿನ ಟಿವಿಯಲ್ಲಿ ಹೇಳಿದ್ದು ಇಷ್ಟೇ: ನಾವು ತಪ್ಪು ಮಾಡಿದೆವು, ಅವರೂ ನಮ್ಮಂತೆ ಮನುಷ್ಯರೇ. ಖಾರ ಜಾಸ್ತಿ ಆದದ್ದು ಆಮೇಲೆ.

ನಾನು ಹೆಚ್ಚು ತೂಕ ಕೊಟ್ಟದ್ದು ಜಾನ್‌ನ ಹೆಂಡತಿ ಸಿಂಥಿಯಾ ಮಾತಿಗೆ. ಅವಳು ಏಪ್ರಿಲ್‌ನಲ್ಲಿ ಅಲ್ಲೇ ಇದ್ದಳು. ಇದೆಲ್ಲ ಬೀಟಲ್ಸ್ ಗೆಳೆಯ ಅಲೆಕ್ಸ್ ಮರ್ದಾಸ್ ಹಚ್ಚಿದ ಬೆಂಕಿ ಅನ್ನುವುದು ಅವಳ ಅಭಿಪ್ರಾಯ. ಅಲೆಕ್ಸ್ ಅದನ್ನು ಒಪ್ಪಲಿಲ್ಲ ಬಿಡಿ. ಆ ವರ್ಷವೇ ಅವಳ ಮದುವೆ ಮುರಿಯಿತು, ನೋವು ಇದ್ದೇ ಇರುತ್ತದೆ. ಆದರೂ ಮಹರ್ಷಿಗಳ ಪರ ಮಾತಾಡಿ ಅವಳಿಗೆ ಬರುವುದೇನಿತ್ತು? ಹಾಗಿದ್ದರೂ ಅವಳ ಸಾಲಿಗೂ ಒಂದು ‘ಅಂತೆ’ ಸೇರಿಸಿದೆ. ಅದು ನಡೆಯಿತು ಅನ್ನುವ ಜಾಗದಲ್ಲಿ ಅವಳೂ ಇರಲಿಲ್ಲವಲ್ಲ.

ಮುಂದಿನ ಸಲ ನೋಟ್‌ಬುಕ್ ಹಿಡಿದೇ ಮಾತಾಡಿದೆ. ಅದೇ ಹಿರಿಯರು, ‘ಹಾಗಾದ್ರೆ ನಿಜವಾಗಿ ಆಗಿದ್ದೇನ್ರೀ?’ ಅಂದರು.

‘ಬೆಳಿಗ್ಗೆ ಕಾರು ಹತ್ತಿ ದೆಹಲಿ ಕಡೆ ಹೊರಟರು ಸಾರ್. ದಾರಿಯಲ್ಲಿ ಜಾನ್, ಸಿಂಥಿಯಾ ಇದ್ದ ಕಾರು ಕೆಟ್ಟು ನಿಂತಿತು. ಅದನ್ನು ಬರೆದವಳು ಆ ಕಾರಿನಲ್ಲೇ ಕೂತಿದ್ದಳು’ ಅಂದೆ.