ಬಿದ್ದ ಮರ ಇನ್ನೂ ಬಿದ್ದು ಮುಗಿದಿರುವುದಿಲ್ಲ

ಒಂದು ರಾತ್ರಿಯ ಗಾಳಿಗೆ ನಮ್ಮ ಜಮೀನಿನ ಅಂಚಿನ 11 ಮರಗಳು ಉರುಳಿದವು. ಬೆಳಿಗ್ಗೆ ಹೋಗಿ ನೋಡಿದರೆ ಆನೆ ನುಗ್ಗಿದ ಕಬ್ಬಿನ ಗದ್ದೆಯ ಹಾಗಿತ್ತು. ಎಂಟು ಮರ ಬೇರುಸಮೇತ ಮಗುಚಿದ್ದವು, ಮೂರು ನಡುವಿಗೆ ಮುರಿದಿದ್ದವು. ಐದಾರು ಒಂದರ ಮೇಲೊಂದು ಬಿದ್ದು ಹೆಣೆದುಕೊಂಡಿದ್ದವು. ನನ್ನ ಹತ್ತಿರ ಒಂದು ಚೈನ್‌ಸಾ ಇತ್ತು, 45 ಎಚ್‌ಪಿಯ ಹಳೇ ಟ್ರ್ಯಾಕ್ಟರ್ ಇತ್ತು. ಕಷ್ಟದ ಕೆಲಸವನ್ನು ಗಾಳಿಯೇ ಮಾಡಿಕೊಟ್ಟಿದೆ, ಇನ್ನು ಕೊಯ್ದು ಒಟ್ಟಿದರೆ ಆಯ್ತು ಅಂದುಕೊಂಡೆ. ಎರಡು ವಾರ ಸಾಕು ಅಂತ ಮನೆಯಲ್ಲೂ ಹೇಳಿಬಿಟ್ಟೆ. ಮೂರೂವರೆ ತಿಂಗಳು ಹಿಡಿಯಿತು.

ಮೊದಲ ದಿನವೇ ಏಟು ಬಿತ್ತು. ದೊಡ್ಡ ಮರದ ಕೆಳಗೆ ಮಣಿಕಟ್ಟು ದಪ್ಪದ ಒಂದು ಎಳೆ ಮರ ಬಿಲ್ಲಿನ ಹಾಗೆ ಬಗ್ಗಿ ಸಿಕ್ಕಿಕೊಂಡಿತ್ತು. ದಾರಿಗೆ ಅಡ್ಡ ಅಂತ ಸುಮ್ನೆ ಚೈನ್ ಇಟ್ಟೆ. ಅರ್ಧ ಕೊಯ್ಯುವ ಮೊದಲೇ ಅದು ಚಿಮ್ಮಿ ಹೆಲ್ಮೆಟ್ಟಿನ ಜಾಲರಿಯನ್ನು ಕಿತ್ತುಕೊಂಡು ಹೋಯಿತು. ಜಾಲರಿ ಇಲ್ಲದಿದ್ದರೆ ಒಂದು ಕಣ್ಣು ಹೋಗುತ್ತಿತ್ತು. ಯಂತ್ರ ಆಫ್ ಮಾಡಿ, ಕೈ ನಡುಗುವುದು ನಿಲ್ಲಲಿ ಅಂತ ಒಂದು ಕಾಂಡದ ಮೇಲೆ ಕೂತೆ. ಕೂತ ಕಾಂಡವೂ ಕೆಳಗಿನಿಂದ ಕಿರ್ರ್ ಅಂತಿತ್ತು.

ಅವತ್ತು ನನಗೆ ವಿಷಯ ಅರ್ಥವಾಯಿತು. ಬಿದ್ದ ಮರ ಬಿದ್ದು ಮುಗಿದಿರುವುದಿಲ್ಲ. ಎಲ್ಲೋ ಒಂದು ಕೊಂಬೆ ಊರಿಕೊಂಡು ನಿಂತಿರುತ್ತದೆ, ಬುಡದಲ್ಲಿ ಬೇರು ಜಗ್ಗುತ್ತಿರುತ್ತದೆ, ತುದಿಯನ್ನು ಪಕ್ಕದ ಮರ ತಡೆದಿರುತ್ತದೆ. ಬೀಳುವ ಕೆಲಸ ಅರ್ಧಕ್ಕೆ ನಿಂತಿದೆ, ಅಷ್ಟೆ. ಉಳಿದರ್ಧ ನಾವು ಗರಗಸ ಇಟ್ಟಾಗ ಶುರುವಾಗುತ್ತದೆ.

ಆಮೇಲೆ ಕೊಯ್ಯುವ ಮೊದಲು ನೋಡುವುದಕ್ಕೇ ಜಾಸ್ತಿ ಹೊತ್ತು ಕೊಟ್ಟೆ. ಈ ಜಾಗದಲ್ಲಿ ಮರದ ಯಾವ ಮಗ್ಗುಲು ಬಿಗಿದು ಎಳೆದುಕೊಂಡಿದೆ, ಯಾವ ಮಗ್ಗುಲು ಅದುಮಿಕೊಂಡಿದೆ? ಎರಡೂ ತುದಿ ಆತುಕೊಂಡು ನಡು ಜೋತುಬಿದ್ದಿದ್ದರೆ ಮೇಲ್ಮಗ್ಗುಲು ಅದುಮಿರುತ್ತದೆ, ಕೆಳಗಿನದು ಬಿಗಿದಿರುತ್ತದೆ. ಒಂದು ತುದಿ ಆಸರೆಯಿಲ್ಲದೆ ಚಾಚಿಕೊಂಡಿದ್ದರೆ ಇದರ ಉಲ್ಟಾ. ಅದುಮಿದ ಕಡೆಯಿಂದ ಮೊದಲು ಕೊಯ್ಯಬೇಕು, ದಪ್ಪದ ಕಾಲುಭಾಗ, ಹೆಚ್ಚೆಂದರೆ ಮೂರನೇ ಒಂದು ಭಾಗ. ಕೊಯ್ದ ಸಂದು ಮುಚ್ಚಿಕೊಳ್ಳಲು ಶುರುವಾಯಿತು ಅಂದರೆ ಬಾರ್ (ಚೈನ್ ಸುತ್ತಿ ಓಡುವ ಉದ್ದನೆ ಅಲಗು) ತಕ್ಷಣ ಹೊರಗೆ. ಆಮೇಲೆ ಬಿಗಿದ ಕಡೆಯಿಂದ ಸ್ವಲ್ಪ ಸ್ವಲ್ಪವೇ. ಬಿಗಿದ ಕಡೆಗೆ ಮೊದಲೇ ಕೈ ಹಾಕಿದರೆ ಕಾಂಡ ಉದ್ದಕ್ಕೆ ಸೀಳಿ ಸಿಡಿಯಬಹುದು. ಅದುಮಿದ ಕಡೆ ಆಳಕ್ಕೆ ಹೋದರೆ ಮರ ಬಾರನ್ನು ಕಚ್ಚಿಕೊಂಡು ಬಿಡುವುದೇ ಇಲ್ಲ. ಈ ಎರಡನೆಯದು ನನಗೆ ನಾಲ್ಕು ಸಲ ಆಗಿದೆ. ಅದಕ್ಕೇ ಜೇಬಿನಲ್ಲಿ ಎರಡು ಪ್ಲಾಸ್ಟಿಕ್ ಬೆಣೆ ಯಾವಾಗಲೂ ಇರುತ್ತವೆ. ಕಬ್ಬಿಣದ್ದು ಬೇಡ, ಚೈನ್ ತಾಗಿದರೆ ಹಲ್ಲಿನ ಕಥೆ ಮುಗಿಯಿತು.

ಅಡ್ಡಕ್ಕೆ ಬಾಗಿದ ಮರ ಇನ್ನೂ ಕಳ್ಳ. ಅದನ್ನು ಕೊಯ್ಯುವಾಗ ಬಿಲ್ಲಿನ ಒಳಮಗ್ಗುಲಲ್ಲಿ ನಿಲ್ಲಬೇಕು. ಬಿಡುಗಡೆಯಾದಾಗ ಅದು ಹೊರಮಗ್ಗುಲಿಗೆ ಬೀಸುತ್ತದೆ. ಮೊದಲ ದಿನ ನಾನು ನಿಂತದ್ದು ಸರಿಯಾಗಿ ಹೊರಮಗ್ಗುಲಲ್ಲೇ.

ಬೇರಿನ ಗಡ್ಡೆಯ ವಿಷಯ ಬೇರೆಯೇ. ಮಗುಚಿದ ಮರದ ಬುಡದಲ್ಲಿ ಮಣ್ಣು, ಕಲ್ಲು ಹಿಡಿದ ಬೇರಿನ ಗಡ್ಡೆ ಗೋಡೆಯ ಹಾಗೆ ಎದ್ದು ನಿಂತಿರುತ್ತದೆ. ನಮ್ಮಲ್ಲಿ ಒಂದು ನನಗಿಂತ ಎತ್ತರ ಇತ್ತು. ಅದನ್ನು ಹಾಗೆ ಎತ್ತಿ ಹಿಡಿದಿರುವುದು ಕಾಂಡದ ಭಾರ. ಕಾಂಡ ಬೇರೆಯಾದರೆ ಗಡ್ಡೆ ಬಂದ ಗುಂಡಿಗೇ ಧೊಪ್ಪನೆ ವಾಪಸ್ ಬೀಳಬಹುದು. ಗುಂಡಿಯಲ್ಲಿ ಯಾರಾದರೂ ಇದ್ದರೆ ಅಲ್ಲಿಗೆ ಮುಗಿಯಿತು. ನಮ್ಮ ನಾಯಿಗೆ ಆ ಗುಂಡಿಗಳೆಂದರೆ ಬಲು ಪ್ರೀತಿ. ತಂಪಾದ ಮಣ್ಣು, ಕೆರೆಯಲು ಎಳೆ ಬೇರು. ಚೈನ್‌ಸಾ ಮುಟ್ಟುವ ಮೊದಲು ನಾಯಿಯನ್ನು ಕಟ್ಟಿಹಾಕುವುದು ದಿನದ ಮೊದಲ ಕೆಲಸವಾಯಿತು.

ಗಡ್ಡೆ ಹಿಂದಕ್ಕೇ ಹೋಗುತ್ತದೆ ಅಂತಲೂ ನಂಬುವ ಹಾಗಿಲ್ಲ. ಒಂದೊಂದು ಮುಂದಕ್ಕೆ, ಅಂದರೆ ಕೊಯ್ಯುವವನ ಮೇಲಕ್ಕೇ ವಾಲುತ್ತದೆ. ಹಾಗಾಗಿ ಬುಡದಿಂದ ಒಂದೂವರೆ ಮೀಟರ್ ಕಾಂಡ ಬಿಟ್ಟೇ ಕೊಯ್ಯುತ್ತಿದ್ದೆ. ಮುಂದಕ್ಕೆ ಬಂದರೂ ಆ ತುಂಡು ಊರುಗೋಲಿನ ಹಾಗೆ ತಡೆಯುತ್ತದೆ. ಒಂದೂವರೆ ಮೀಟರ್ ಸೌದೆ ಹಾಳಾಯ್ತಲ್ಲ ಅಂತ ಅನ್ನಿಸುತ್ತದೆ ನಿಜ. ಆದರೆ ಬುಡದ ಆ ಭಾಗದ ತೊಗಟೆಯ ತುಂಬ ಮಣ್ಣು, ಮರಳು. ಅದನ್ನು ಕೊಯ್ದು ಚೈನ್ ಮೊಂಡು ಮಾಡಿಕೊಳ್ಳುವುದರಲ್ಲಿ ಲಾಭ ಏನೂ ಇಲ್ಲ.

ಇನ್ನು ಯಂತ್ರಗಳ ಮಾತು. ಇಲ್ಲಿ ನಾನು ಮಾಡಿದ ದೊಡ್ಡ ತಪ್ಪು ಎಂದರೆ ಮೊದಲು ಸೌದೆ ಸೀಳುವ ಹೈಡ್ರಾಲಿಕ್ ಯಂತ್ರ ತಂದದ್ದು. ಕೂಸು ಹುಟ್ಟುವ ಮುಂಚೆ ಕುಲಾವಿ ಅಂತಾರಲ್ಲ, ಹಾಗೆ. ಸೀಳಲು ಮರವೇ ಹೊರಗೆ ಬಂದಿರಲಿಲ್ಲ. ಯಂತ್ರ ಟಾರ್ಪಾಲಿನ ಕೆಳಗೆ ಆರು ವಾರ ಕೂತಿತ್ತು. ನಿಜವಾಗಿ ಬೇಕಿದ್ದದ್ದು ವಿಂಚ್, ಅಂದರೆ ಟ್ರ್ಯಾಕ್ಟರಿಗೆ ಕಟ್ಟಿ ತಂತಿ ಹಗ್ಗ ಸುತ್ತಿಕೊಳ್ಳುತ್ತ ಭಾರ ಎಳೆಯುವ ಯಂತ್ರ. ಒಂದೇ ಒಂದು ಯಂತ್ರ ಇಟ್ಟುಕೋ ಅಂದರೆ ಇವತ್ತಿಗೂ ನಾನು ಅದನ್ನೇ ಇಟ್ಟುಕೊಳ್ಳುತ್ತೇನೆ.

ಲೆಕ್ಕ ನೋಡಿ. 40 ಸೆಂಟಿಮೀಟರ್ ದಪ್ಪದ, 4 ಮೀಟರ್ ಉದ್ದದ ದಿಮ್ಮಿ ಎಂದರೆ ಅರ್ಧ ಘನ ಮೀಟರ್. ಹಸಿ ಗಟ್ಟಿ ಮರವಾದರೆ ಹೆಚ್ಚುಕಡಿಮೆ ಅರ್ಧ ಟನ್. ಅದನ್ನು ಮೂರು ಜನ ಸೇರಿದರೂ ಜರುಗಿಸಲು ಆಗುವುದಿಲ್ಲ. ಟ್ರ್ಯಾಕ್ಟರನ್ನೇ ಒಳಗೆ ನುಗ್ಗಿಸೋಣ ಅಂದರೆ ಗುಂಡಿ, ಬೇರು, ಮೆತ್ತನೆ ನೆಲ. ವಿಂಚ್ ಇದ್ದರೆ ಟ್ರ್ಯಾಕ್ಟರ್ ಗಟ್ಟಿ ನೆಲದಲ್ಲೇ ನಿಂತಿರುತ್ತದೆ, ಹಗ್ಗ ಒಳಗೆ ಹೋಗುತ್ತದೆ. ನನ್ನದು ಸೆಕೆಂಡ್ ಹ್ಯಾಂಡ್, 4 ಟನ್ ಎಳೆಯುವಂಥದ್ದು, 50 ಮೀಟರ್ ತಂತಿ ಹಗ್ಗ. ಅದರ ಇನ್ನೊಂದು ಉಪಯೋಗ ನನಗೆ ತಡವಾಗಿ ಹೊಳೆಯಿತು. ಹೆಣೆದುಕೊಂಡ ಮರಗಳನ್ನು ಅಲ್ಲೇ ನಿಂತು ಕೊಯ್ಯಬೇಕಾಗಿಲ್ಲ. ಮೇಲಿನದನ್ನು ದೂರದಿಂದ ಎಳೆದು ನೆಲಕ್ಕೆ ಹಾಕಿದರೆ ಅದರ ಬಿಗುವು ಅರ್ಧಕ್ಕರ್ಧ ಅಲ್ಲೇ ಇಳಿಯುತ್ತದೆ. ಅರ್ಧಕ್ಕೆ ನಿಂತ ಬೀಳುವ ಕೆಲಸವನ್ನು ನಾನು 30 ಮೀಟರ್ ಆಚೆ ನಿಂತು ಮುಗಿಸಿದ ಹಾಗೆ. ಆಮೇಲೆ ಮಾತ್ರ ಚೈನ್‌ಸಾ.

ಎಳೆಯುವ ದಾರಿ ನೇರ ಇರುವುದು ಅಪರೂಪ. ಅದಕ್ಕೆ ರಾಟೆ ಬೇಕು, ಪಕ್ಕ ತೆರೆದು ಹಗ್ಗ ಕೂರಿಸುವಂಥದ್ದು. ನಿಂತ ಮರಕ್ಕೆ ಅಗಲವಾದ ಪಟ್ಟಿ ಸುತ್ತಿ ರಾಟೆ ಕಟ್ಟಿದರೆ ಎಳೆತದ ದಿಕ್ಕು ತಿರುಗುತ್ತದೆ, ತೊಗಟೆಯೂ ಸುಲಿಯುವುದಿಲ್ಲ. ಆದರೆ ಹಗ್ಗ ಹೋದ ದಾರಿಯಲ್ಲೇ ಪೂರ್ತಿ ಹಿಂದಕ್ಕೆ ತಿರುಗಿದರೆ ಆ ನಿಂತ ಮರದ ಮೇಲೆ ಬೀಳುವ ಭಾರ ಎಳೆತದ ಎರಡರಷ್ಟು. ನಾನು ಕಟ್ಟಿದ ಮರ ತೆಳ್ಳಗಿತ್ತು. ದಿಮ್ಮಿ ಬರುವ ಬದಲು ಆ ಮರದ ಬುಡವೇ ಎದ್ದು ಬರಲು ಶುರುವಾಯಿತು. ಹನ್ನೆರಡನೆಯದು ಬೀಳದೆ ಉಳಿದದ್ದು ಪುಣ್ಯ. ಹಗ್ಗ ತಿರುಗಿ ಕೋನ ಆಗಿರುವ ಕಡೆ, ಆ ಕೋನದ ಒಳಗೆ ಯಾರೂ ನಿಲ್ಲಬಾರದು. ಪಟ್ಟಿ ಕಿತ್ತರೆ ಹಗ್ಗ ಮತ್ತು ರಾಟೆ ಎರಡೂ ಅತ್ತಲೇ ಹಾರುತ್ತವೆ.

ವಿಂಚ್ ಮಾರಿದವರು ಟ್ರ್ಯಾಕ್ಟರಿನ ಎಂಜಿನ್ ಬಲವನ್ನು ವಿಂಚಿಗೆ ಒಯ್ಯುವ ತಿರುಗುವ ದಂಡ, ಅಂದರೆ ಪಿಟಿಒ ಶಾಫ್ಟ್‌ನ ಪ್ಲಾಸ್ಟಿಕ್ ಕವರ್ ಇಲ್ಲದೆ ಕೊಟ್ಟಿದ್ದರು. ಕೇಳಿದರೆ "ಅದಿಲ್ಲದಿದ್ದರೂ ನಡೆಯುತ್ತೆ" ಅಂದರು. ನಡೆಯುತ್ತೆ, ಯಾಕೆ ನಡೆಯಲ್ಲ. 540 ಆರ್‌ಪಿಎಂ ಎಂದರೆ ಸೆಕೆಂಡಿಗೆ 9 ಸುತ್ತು. ಅಂಗಿಯ ತೋಳು ಸಿಕ್ಕಿಕೊಂಡರೆ ಲಿವರ್ ಕಡೆಗೆ ಕೈ ಹೋಗುವಷ್ಟರಲ್ಲಿ ತೋಳು ಉಳಿದಿರುವುದಿಲ್ಲ. ಕವರ್ ತಂದು ಹಾಕಿಕೊಂಡ ಮೇಲೆಯೇ ಕೆಲಸ ಶುರು ಮಾಡಿದೆ.

ಯಾವ ಮರ ಮೊದಲು ಅನ್ನುವುದಕ್ಕೂ ಒಂದು ಲೆಕ್ಕ ಇದೆ. ನಡುವಿಗೆ ಮುರಿದ ಮರದ ಮೇಲಿನ ತುಂಡಿಗೆ ಬೇರಿನ ಸಂಬಂಧ ಇಲ್ಲ, ಅದು ಬೇಗ ಕೆಡುತ್ತದೆ. ಮಗುಚಿದ ಮರದ ಒಂದಿಷ್ಟು ಬೇರು ಇನ್ನೂ ಮಣ್ಣಿನಲ್ಲಿದ್ದರೆ ಅದು ತಿಂಗಳುಗಟ್ಟಲೆ ಹಸಿಯಾಗಿ ಉಳಿಯುತ್ತದೆ. ಹಾಗಾಗಿ ಮುರಿದವು ಮೊದಲು, ಮಗುಚಿದವು ಆಮೇಲೆ. ನಾನು ಮೊದಲಿಗೆ ದಾರಿ ಹತ್ತಿರದವನ್ನು ಹಿಡಿದೆ. ಮುರಿದ ಮೂರರಲ್ಲಿ ಒಂದಕ್ಕೆ ಅಷ್ಟರಲ್ಲಿ ಅಣಬೆ ಬಂದಿತ್ತು.

ಚೈನ್ ಸಾಣೆಯ ಬಗ್ಗೆ ಎರಡೇ ಮಾತು. ಬೀಳುವ ಹೊಟ್ಟು ಪದರ ಪದರವಾಗಿ ಬಂದರೆ ಚೈನ್ ಹರಿತ, ಹಿಟ್ಟಿನ ಹಾಗೆ ಬಂದರೆ ಮೊಂಡು. ಮೊಂಡು ಚೈನನ್ನು ಒತ್ತಿ ಕೊಯ್ಯುವವನಿಗೆ ಬೆನ್ನೂ ಹೋಗುತ್ತದೆ, ಬಾರೂ ಹೋಗುತ್ತದೆ. ನನ್ನ ಚೈನಿಗೆ 4.8 ಮಿಲಿಮೀಟರ್ ದುಂಡು ಅರ. ಪ್ರತಿ ಸಲ ಟ್ಯಾಂಕ್ ತುಂಬಿಸುವಾಗ ಹಲ್ಲಿಗೆ ಎರಡು ಮೂರು ಸಲ ಅರ ಆಡಿಸುತ್ತಿದ್ದೆ. ಬಿದ್ದ ಮರದಲ್ಲಿ ಮಣ್ಣು ಇದ್ದೇ ಇರುತ್ತದೆ. ದಿಮ್ಮಿ ಎಳೆಯುವಾಗ ಮುಂದಿನ ತುದಿಯನ್ನು ವಿಂಚಿನ ತಟ್ಟೆಗೆ ಎತ್ತಿ ಕಟ್ಟಿದರೆ ಮಣ್ಣು ಅರ್ಧ ಕಡಿಮೆ ಮೆತ್ತುತ್ತದೆ.

ಕೊನೆಗೂ ಸೀಳುವ ಯಂತ್ರ ಟಾರ್ಪಾಲಿನಿಂದ ಹೊರಗೆ ಬಂತು. ನೋಡಲು ಅದೇನೂ ಭಾರಿ ಇಲ್ಲ. ಆದರೆ 100 ಮಿಲಿಮೀಟರ್ ಒಳವ್ಯಾಸದ ಸಿಲಿಂಡರಿಗೆ 200 ಬಾರ್ ಎಣ್ಣೆಯ ಒತ್ತಡ ಕೊಟ್ಟರೆ ಬೆಣೆಯ ಮೇಲೆ ಸುಮಾರು 16 ಟನ್ ಬೀಳುತ್ತದೆ. ಅದಕ್ಕೇ ಎರಡು ಹಿಡಿ ಇಟ್ಟಿರುತ್ತಾರೆ, ಎರಡೂ ಕೈ ಹಿಡಿಯ ಮೇಲಿದ್ದರೆ ಮಾತ್ರ ಬೆಣೆ ಓಡುತ್ತದೆ. ಬೇಗ ಆಗಲಿ ಅಂತ ನಾನು ಒಂದು ಹಿಡಿಯನ್ನು ಹಗ್ಗದಿಂದ ಕಟ್ಟಿಹಾಕಿದೆ. ಬುದ್ಧಿವಂತಿಕೆ! ಅರ್ಧ ಗಂಟೆಯಲ್ಲಿ ಕೈಗವಸಿನ ತುದಿ ಕೊರಡು ಮತ್ತು ಬೆಣೆಯ ನಡುವೆ ಸಿಕ್ಕಿತು. ಬೆರಳು ಒಂದು ಅಂಗುಲ ಈಚೆ ಇತ್ತು. ಹಗ್ಗ ಬಿಚ್ಚಿದೆ. ಇನ್ನೊಂದು ವಿಷಯ, ಹೈಡ್ರಾಲಿಕ್ ಪೈಪಿನಲ್ಲಿ ಸೋರಿಕೆ ಇದೆಯಾ ಅಂತ ಎಂದಿಗೂ ಕೈಯಿಂದ ಸವರಿ ನೋಡಬೇಡಿ. ಸೂಜಿಮೊನೆಯಷ್ಟು ತೂತಿನಿಂದ ಬರುವ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ರಟ್ಟಿನ ತುಂಡು ಹಿಡಿದು ನೋಡಿದರೆ ಸಾಕು.

ಸೀಳುವಾಗ ಇನ್ನೊಂದು ಪಾಠ ಸಿಕ್ಕಿತು. ಸಮಯ ಹೋಗುತ್ತಿದ್ದದ್ದು ಸೀಳುವುದರಲ್ಲಿ ಅಲ್ಲ, ಎತ್ತಿ ಇಡುವುದರಲ್ಲಿ. ಒಂದು ದಿನ ಎಣಿಸಿದೆ. ಒಂದೇ ತುಂಡನ್ನು ಏಳು ಸಲ ಮುಟ್ಟುತ್ತಿದ್ದೆ. ಕೊಯ್ದಲ್ಲಿ ಎತ್ತಿ, ಟ್ರೇಲರ್‌ಗೆ ಹಾಕಿ, ಇಳಿಸಿ, ಯಂತ್ರಕ್ಕಿಟ್ಟು, ಬಿದ್ದದ್ದನ್ನು ಮತ್ತೆ ಎತ್ತಿ, ಹೀಗೆ. ಆಮೇಲೆ ಉದ್ದ ದಿಮ್ಮಿಯನ್ನೇ ಒಟ್ಟುವ ಜಾಗಕ್ಕೆ ಎಳೆದು ತಂದು ಅಲ್ಲೇ ತುಂಡು ಮಾಡಿ, ಸೊಂಟದ ಎತ್ತರದಲ್ಲಿ ಸೀಳಿದೆ. ಏಳು ನಾಲ್ಕಕ್ಕೆ ಇಳಿಯಿತು. ಸಂಜೆ ಬೆನ್ನು ನೋವೂ ಕಡಿಮೆಯಾಯಿತು.

ಮಧ್ಯೆ ಎರಡು ದಿನಕ್ಕೆ ಸೌದೆ ಪ್ರೊಸೆಸರ್ ಬಾಡಿಗೆಗೆ ತಂದಿದ್ದೆ. ದಿಮ್ಮಿಯನ್ನು ಒಂದು ಕಡೆ ಇಟ್ಟರೆ ಅದೇ ಕೊಯ್ದು, ಸೀಳಿ, ಬೆಲ್ಟಿನ ಮೇಲೆ ಎತ್ತಿ ಗುಡ್ಡೆ ಹಾಕುತ್ತದೆ. ನೇರ ದಿಮ್ಮಿಗಳು ಬೆಣ್ಣೆಯ ಹಾಗೆ ಹೋದವು. ಡೊಂಕು, ಕವಲು, ಗಂಟು ಇದ್ದವು ಒಳಗೆ ಸಿಕ್ಕಿಕೊಂಡು, ಪ್ರತಿ ಸಲ ಪಿಟಿಒ ನಿಲ್ಲಿಸಿ, ಕೀ ಜೇಬಿಗೆ ಹಾಕಿಕೊಂಡು ಬಿಡಿಸಬೇಕಾಯಿತು. ಮೊದಲ ದಿನ ಬಿಡಿಸುವುದರಲ್ಲೇ ಹೋಯಿತು. ರಾತ್ರಿ ಟಾರ್ಚ್ ಹಿಡಿದು ದಿಮ್ಮಿಗಳನ್ನು ಎರಡು ಪಾಲು ಮಾಡಿದೆ, 30 ಸೆಂಟಿಮೀಟರ್‌ಗಿಂತ ಸಣ್ಣ ನೇರವು ಒಂದು ಕಡೆ, ಉಳಿದದ್ದು ಇನ್ನೊಂದು ಕಡೆ. ಎರಡನೇ ದಿನ ಮಧ್ಯಾಹ್ನದೊಳಗೆ ನೇರವೆಲ್ಲ ಮುಗಿದವು. ಬಾಡಿಗೆ ಯಂತ್ರ ಬರುವ ಮೊದಲೇ ಈ ಪಾಲು ಮಾಡಿಟ್ಟಿದ್ದರೆ ಒಂದೇ ದಿನ ಸಾಕಿತ್ತು ಅಲ್ವಾ? ಕವಲುಗಳನ್ನು ಸೀಳುವ ಗೋಜಿಗೇ ಹೋಗಲಿಲ್ಲ, ಚೈನ್‌ಸಾದಲ್ಲೇ ಕೊಯ್ದೆ.

ಒಣಗಿಸುವುದು ಸುಲಭ, ತಾಳ್ಮೆ ಇದ್ದರೆ. 33 ಸೆಂಟಿಮೀಟರ್ ತುಂಡು, ನೆಲದಿಂದ ಒಂದು ಗೇಣು ಮೇಲೆ ಒಟ್ಟಿ, ಮೇಲೆ ಮಾತ್ರ ಹೊದಿಕೆ. ಪಕ್ಕ ಮುಚ್ಚಿದರೆ ಒಳಗೇ ಬೂಸ್ಟು ಹಿಡಿಯುತ್ತದೆ. ನೀರು ಹೆಚ್ಚಾಗಿ ಕೊಯ್ದ ತುದಿಗಳಿಂದಲೇ ಹೋಗುವುದರಿಂದ ಗಿಡ್ಡ ತುಂಡು ಬೇಗ ಒಣಗುತ್ತದೆ. ತೇವ ಅಳೆಯುವ ಮೀಟರ್ ಇದ್ದರೆ ಹೊರಗೆ ಚುಚ್ಚಿ ನೋಡಬೇಡಿ. ಆಗಷ್ಟೇ ಸೀಳಿದ ತುಂಡಿನ ಒಳಮೈಯ ನಡುವೆ ಚುಚ್ಚಿ, 20 ಶೇಕಡಾಕ್ಕಿಂತ ಕೆಳಗೆ ಬರಬೇಕು. ನಾನು ಐದು ತುಂಡುಗಳಿಗೆ ಬಣ್ಣ ಹಚ್ಚಿ ತಿಂಗಳಿಗೊಮ್ಮೆ ತೂಗುತ್ತಿದ್ದೆ. ಅದರಲ್ಲೊಂದು 2.9 ಕಿಲೊ ಇದ್ದದ್ದು 1.9ಕ್ಕೆ ಇಳಿದು ಅಲ್ಲೇ ನಿಂತಿತು. ಅಷ್ಟು ಸಣ್ಣ ತುಂಡಿನಿಂದ ಒಂದು ಲೀಟರ್ ನೀರು!

ಹತ್ತು ಮರ ತೆಗೆದೆ. ಹನ್ನೊಂದನೆಯದು ಇನ್ನೂ ಮಲಗಿದೆ, ಅದೇ ನನಗಿಂತ ಎತ್ತರದ ಗಡ್ಡೆಯದ್ದು. ಒಂದು ಕಡೆಯ ಬೇರು ಮಣ್ಣು ಬಿಟ್ಟಿಲ್ಲ, ಮಲಗಿದ ಕಾಂಡದಿಂದ ನೆಟ್ಟಗೆ ಮೇಲಕ್ಕೆ ಆರೇಳು ಚಿಗುರು ಎದ್ದಿವೆ. ವಿಂಚಿನ ತಂತಿ ಹಗ್ಗದ ತುದಿ ಎಳೆ ಬಿಚ್ಚಿಕೊಂಡಿದೆ, ಹೊಸ ಕೊಕ್ಕೆ ಕಟ್ಟಿಸಬೇಕು. ಇನ್ನೂ ಕಟ್ಟಿಸಿಲ್ಲ.